ಹದಿಮೂರನೆಯ ದಿನದ ಹಗ್ಗ

ಇರಾನಿನ ಲಾಲೆದರ್ರೆಯ ಸ್ಕೀ ಮೈದಾನದಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲೇ ಫರ್ಶಾದ್ ಒಂದು ಅಪರಾಧವನ್ನು ಕಣ್ಣಾರೆ ಕಂಡ. ಅರವತ್ತರ ಹತ್ತಿರದ ಹೆಂಗಸೊಬ್ಬರು ತಲೆಗೆ ಹೂವಿನ ಚಿತ್ತಾರದ ವಸ್ತ್ರ ಬಿಗಿದು, ಹೆಗಲಿಗೆ ಚೀಲ ಇಳಿಬಿಟ್ಟುಕೊಂಡು, ಇಳಿಜಾರಿನ ಉದ್ದಕ್ಕೂ ಹಿಡಿ ಹಿಡಿಯಾಗಿ ಏನನ್ನೋ ಎರಚುತ್ತ ಬರುತ್ತಿದ್ದರು, ಗೋಧಿ ಬಿತ್ತುವವರ ಹಾಗೆ. ಅವರು ಆಚೆ ತಿರುಗಿದ ಮೇಲೆ ಫರ್ಶಾದ್ ಹೋಗಿ ಬೆರಳಿನಲ್ಲಿ ಮುಟ್ಟಿ, ನಾಲಿಗೆಗೆ ಹಚ್ಚಿಕೊಂಡ. ಉಪ್ಪು.

ವರಾಮೀನ್ ಬಯಲಿನಲ್ಲಿ ಹುಟ್ಟಿ ಬೆಳೆದ ಅವನಿಗೆ ಹಿಮದ ವಿಷಯದಲ್ಲಿ ಗೊತ್ತಿದ್ದದ್ದು ಒಂದೇ ಸಂಗತಿ. ರಸ್ತೆಯ ಮೇಲೆ ಹಿಮ ಬಿದ್ದರೆ ಪುರಸಭೆಯವರು ಉಪ್ಪು ಸುರಿಯುತ್ತಾರೆ, ಹಿಮ ಕರಗಿ ಹೋಗುತ್ತದೆ. ಮಾರ್ಚ್ ತಿಂಗಳು, ಹಿಮ ಮೊದಲೇ ಸಾಯುವ ಕಾಲ, ಅದರ ಮೇಲೆ ಈ ಮುದುಕಿ ಉಪ್ಪು ಹಾಕುತ್ತಿದ್ದಾಳೆ. ಅವನು ಏದುಸಿರು ಬಿಡುತ್ತ ಮಾಲೀಕ ಮಾಜಿಯಾರ್ ಕಿಯಾಪೂರ್ ಅವರ ಕೋಣೆಗೆ ನುಗ್ಗಿ, "ಆಘಾ, ಯಾರೋ ನಮ್ಮ ಹಿಮಾನ ಹಾಳು ಮಾಡ್ತಿದಾರೆ" ಎಂದ. ಅಪ್ಪನಿಂದ ಮೈದಾನ ಬಂದಿತ್ತೇ ಹೊರತು ಹಿಮದ ಜ್ಞಾನ ಬಂದಿರದಿದ್ದ ಕಿಯಾಪೂರ್ ಸಾಹೇಬರೂ ಗಾಬರಿಯಾಗಿ, ಪಾಲಿಶ್ ಮಾಡಿದ ನಗರದ ಬೂಟಿನಲ್ಲೇ ಇಳಿಜಾರಿಗೆ ಓಡಿದರು. ನಾಲ್ಕು ಹೆಜ್ಜೆ ಓಡಿದ್ದು ನೆನಪು. ಅಲ್ಲಿಂದ ಹೆಮ್ಮತ್ ಎಂಬುವನ ಚಹಾ ಅಂಗಡಿಯವರೆಗೆ ಅವರು ಬೆನ್ನಿನ ಮೇಲೆ ಜಾರಿ ಬಂದರು. ವಸಂತದ ಒದ್ದೆ ಹಿಮಕ್ಕೆ ಹರಳುಪ್ಪು ಬಿದ್ದರೆ ಅದು ಗಳಿಗೆಯಲ್ಲಿ ಕಲ್ಲಾಗುತ್ತದೆ. ಮಧ್ಯಾಹ್ನ ಶಾಲಾಮಕ್ಕಳ ಸ್ಪರ್ಧೆಯಿತ್ತು, ಅದಕ್ಕಾಗಿ ಆ ಹೆಂಗಸು ಬೆಳಿಗ್ಗೆಯಿಂದ ದುಡಿಯುತ್ತಿದ್ದರು.

ಮೇಲಿನಿಂದ ಅವರ ಧ್ವನಿ ಬಂತು: "ಕರಗಿದೆಯಾ, ಮಾಜಿಯಾರ್?"

ಅಂದಿನಿಂದ ಫರ್ಶಾದ್‌ನ ಹೆಸರು 'ಉಪ್ಪಿನ ಇಂಜಿನಿಯರ್'. ಇದನ್ನು ಬರೆಯುತ್ತಿರುವವನೂ ಆ ಫರ್ಶಾದನೇ. ಈ ಪ್ರಸಂಗ ನೆನಪಾದಾಗೆಲ್ಲ 'ನಾನು' ಎಂದು ಹೇಳಿಕೊಳ್ಳಲು ನಾಚಿಕೆಯಾಗುವುದರಿಂದ ಕಥೆ ಮುಗಿಯುವವರೆಗೆ 'ಅವನು' ಎಂದೇ ಇರಲಿ.

ಆ ಹೆಂಗಸಿನ ಹೆಸರು ಗೊಲಂದಾಮ್. ಮಾಲೀಕರಿಂದ ಹಿಡಿದು ಹಿಮ ಎತ್ತುವವರವರೆಗೆ ಎಲ್ಲರಿಗೂ ಗೊಲಂದಾಮ್ ಖಾನಂ, ಅಂದರೆ ಗೊಲಂದಾಮ್ ಅಮ್ಮಾವರು. ಅವರ ಕೆಲಸಕ್ಕೆ ಸಂಬಳದ ಪಟ್ಟಿಯಲ್ಲಿ ಸರಿಯಾದ ಹೆಸರಿಲ್ಲ, 'ಇತರೆ' ಎಂದಿದೆ. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಅಂಗಳಕ್ಕೆ ಬಂದು ಆಕಾಶ ನೋಡುತ್ತಾರೆ. ರಾತ್ರಿ ನಕ್ಷತ್ರ ಕಂಡಿದ್ದರೆ ಒಂದು ಲೆಕ್ಕ, ಮೋಡ ಕವಿದಿದ್ದರೆ ಇನ್ನೊಂದು. ಆಮೇಲೆ ಎರಡೂ ಇಳಿಜಾರುಗಳನ್ನು ನಡೆದು ಬರುತ್ತಾರೆ. ಅಲ್ಲಲ್ಲಿ ನಿಂತು, ಇಡೀ ಮೈಭಾರ ಒಂದೇ ಕಾಲಿನ ಮೇಲೆ ಹಾಕುತ್ತಾರೆ. ಬೂಟು ಎಷ್ಟು ಮುಳುಗಿತು ಎನ್ನುವುದೇ ಅವರ ಅಳತೆ. ಏಳು ಗಂಟೆಗೆ ಟಿಕೆಟ್ ಕಿಟಕಿಯ ಪಕ್ಕದ ಕರಿಹಲಗೆಯ ಮೇಲೆ ಅಂದಿನ ಹಿಮದ ಸಮಾಚಾರ ಬರೆಯುತ್ತಾರೆ.

ಸಮಾಚಾರ ಬರೆಯುವ ಭಾಷೆ ಅವರದೇ. "ಎಂಟರವರೆಗೆ ಗಾಜು. ಹತ್ತಕ್ಕೆ ಸಕ್ಕರೆ. ಹನ್ನೊಂದೂವರೆ ಮೇಲೆ ಗಂಜಿ." ಅಂದರೆ ಬೆಳಿಗ್ಗೆ ಹಿಮ ಹೆಪ್ಪುಗಟ್ಟಿ ಗಾಜಿನ ಹಾಗಿರುತ್ತದೆ, ಅವಸರದವರು ಮೊಣಕೈ ಮುರಿದುಕೊಳ್ಳಬಹುದು, ಹತ್ತರ ಹೊತ್ತಿಗೆ ಮೇಲ್ಪದರ ಸಕ್ಕರೆಯ ಹರಳಿನಂತೆ ಸಡಿಲವಾಗುತ್ತದೆ, ಆಗ ಜಾರುವ ಸುಖ ಬೇರೆ ಯಾವ ಕಾಲದಲ್ಲೂ ಇಲ್ಲ, ಆಮೇಲೆ ಕಾಲು ಇಟ್ಟಲ್ಲೆಲ್ಲ ಪಚಕ್. ಕಿಯಾಪೂರ್ ಸಾಹೇಬರಿಗೆ ಈ ಗಂಜಿ ಎನ್ನುವ ಮಾತು ಕಂಡರಾಗದು. ಟೆಹರಾನಿನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದವರು ಮೊದಲು ಓದುವುದು ಆ ಹಲಗೆಯನ್ನು. ಸಾಹೇಬರು ಅಂತರ್ಜಾಲದ ಪುಟದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೂ 'ಅತ್ಯುತ್ತಮ ಹಿಮ' ಎಂದೇ ಹಾಕಿಸುತ್ತಾರೆ. ಹಲಗೆಯ ಮೇಲೂ ಹಾಗೇ ಬರೆಯಿರಿ ಎಂದು ಒಮ್ಮೆ ಹೇಳಿ ನೋಡಿದರು. "ಅದು ನಿನ್ನ ಫೋನು, ಇದು ನನ್ನ ಸುಣ್ಣದ ಕಡ್ಡಿ" ಎಂದರು ಗೊಲಂದಾಮ್ ಖಾನಂ. ಸಾಹೇಬರಿಗೆ ಐದು ವರ್ಷವಾಗಿದ್ದಾಗ ಕಾಲಿಗೆ ಸ್ಕೀ ಹಲಗೆ ಕಟ್ಟಿ ಜಾರಲು ಕಲಿಸಿದವರು ಅವರು. ಊರಿನಲ್ಲಿ ಅವರೊಬ್ಬರೇ ಸಾಹೇಬರನ್ನು ಏಕವಚನದಲ್ಲಿ ಕರೆಯುವುದು.

ಅವರಿಗೆ ಕಲಿಸಿದವರು ಯಾರೂ ಇಲ್ಲ. ಅಪ್ಪ ಕುರಿ ಕಾಯುತ್ತಿದ್ದವನು, ಆಮೇಲೆ ಇಲ್ಲಿ ಜನರನ್ನು ಕುರ್ಚಿಯಲ್ಲಿ ಮೇಲಕ್ಕೆ ಒಯ್ಯುವ ಯಂತ್ರದ ಕಾವಲಿಗೆ ನಿಂತವನು. ಹನ್ನೆರಡನೆಯ ವಯಸ್ಸಿಗೆ ಹುಡುಗಿ ಹಿಪ್ಪುನೇರಳೆ ಮರದ ಎರಡು ಹಲಗೆಗೆ ಅಪ್ಪನ ಸೊಂಟಪಟ್ಟಿ ಕತ್ತರಿಸಿ ಮೊಳೆ ಹೊಡೆದು ಕೆಳಗಿಳಿದಳು. ಅಪ್ಪ ಹೊಡೆದದ್ದು ಇಳಿದದ್ದಕ್ಕಲ್ಲ, ಸೊಂಟಪಟ್ಟಿಗೆ. ಕ್ರಾಂತಿಯಾದ ಮೇಲೆ ಇಳಿಜಾರಿನಲ್ಲೂ ಗಂಡಸರು ಬೇರೆ, ಹೆಂಗಸರು ಬೇರೆ ಆಗಬೇಕೆಂದು ಆದೇಶ ಬಂತು. ನೆರಳಿನ ಕಡೆಯ ಒಳ್ಳೆಯ ಇಳಿಜಾರು ಗಂಡಸರಿಗೆ ಹೋಯಿತು. ದಕ್ಷಿಣಕ್ಕೆ ಮುಖ ಮಾಡಿದ, ಮಧ್ಯಾಹ್ನದೊಳಗೆ ಗಂಜಿಯಾಗುವ ಬಿಸಿಲಿನ ಇಳಿಜಾರು ಹೆಂಗಸರ ಪಾಲಿಗೆ. ನಡುವೆ ಹಗ್ಗ. ಹಗ್ಗ ಕಾಯಲು ಒಬ್ಬ ಹೆಂಗಸು ಬೇಕಾಗಿತ್ತು. ಜಾರಲು ಬರುವ ಹೆಂಗಸು ಊರಿನಲ್ಲಿ ಇದ್ದದ್ದು ಒಬ್ಬಳೇ. ಹಾಗೆ ಕೆಲಸ ಸಿಕ್ಕಿತು. ಅಷ್ಟೂ ವರ್ಷ ಬಿಸಿಲಿನ ಇಳಿಜಾರಿನ ಪಕ್ಕದಲ್ಲೇ ನಿಂತು ಅದರ ಉಸಿರು, ಅದರ ಕೋಪ, ಎಲ್ಲ ಕಲಿತರು. ಕಾಲ ಸಡಿಲವಾಗಿ ಗಂಡಸರೂ ಹೆಂಗಸರೂ ಒಂದೇ ಕುರ್ಚಿಯಲ್ಲಿ ಮೇಲೆ ಹೋಗತೊಡಗಿದಾಗ ಹಗ್ಗದ ಕೆಲಸ ಹೋಯಿತು, ಹಗ್ಗ ಹೋಗಲಿಲ್ಲ.

"ಆಗ ಗಂಡಸರಿಂದ ಹೆಂಗಸರನ್ನ ಬೇರೆ ಮಾಡೋಕೆ ಕಟ್ತಿದ್ದೆ," ಎಂದು ಅವರು ಒಮ್ಮೆ ಹೇಳಿದ್ದರು. "ಈಗ ಹಿಮದಿಂದ ಪೆದ್ದರನ್ನ ಬೇರೆ ಮಾಡೋಕೆ ಕಟ್ತೀನಿ. ಕೆಲಸ ಜಾಸ್ತಿಯಾಗಿದೆ, ಸಂಬಳ ಅಷ್ಟೇ."

ಇಂಥವರ ಬದುಕಿನಲ್ಲಿ ಒಂದು ಹಿಮಪಾತ ಇದ್ದೇ ಇರಬೇಕು ಎಂದು ಫರ್ಶಾದ್ ತೀರ್ಮಾನಿಸಿದ್ದ. ಗಂಡ ಇಲ್ಲವೆಂದು ಗೊತ್ತಿತ್ತು. ಒಂದು ದಿನ ಧ್ವನಿ ತಗ್ಗಿಸಿ, ಮುಖವನ್ನು ಆದಷ್ಟು ಮೆತ್ತಗೆ ಮಾಡಿಕೊಂಡು, "ಖಾನಂ, ಯಜಮಾನರು ಹಿಮದಲ್ಲೇ..." ಎಂದು ರಾಗ ಎಳೆದ.

"ಸಕ್ಕರೆ ಕಾಯಿಲೆ," ಎಂದರು ಅವರು. "ಹಿಮ ಅವನಿಗೇನೂ ಮಾಡಿಲ್ಲ. ಬಾಕ್ಲಾವಾ ಮಿಠಾಯಿ ಮಾಡಿದ್ದು."

ವಸಂತದೊಂದಿಗೆ ಶುರುವಾಗುವ ನಮ್ಮ ಹೊಸ ವರ್ಷದ ಹದಿಮೂರನೆಯ ದಿನ ಬಂತು, ಏಪ್ರಿಲ್ ತಿಂಗಳ ಮೊದಲಲ್ಲಿ. ಆ ದಿನ ಯಾರೂ ಮನೆಯೊಳಗೆ ಇರಬಾರದು. ಇದ್ದರೆ ಕೇಡು ವರ್ಷವಿಡೀ ಜೊತೆಗೇ ಕೂರುತ್ತದೆ. ಹಸಿರು ಹುಲ್ಲಿನ ಮೇಲೆ, ಹರಿಯುವ ನೀರಿನ ಪಕ್ಕದಲ್ಲಿ ದಿನ ಕಳೆಯಬೇಕು. ತಟ್ಟೆಯಲ್ಲಿ ಬೆಳೆಸಿದ ಗೋಧಿಯ ಮೊಳಕೆಯನ್ನು ನೀರಿಗೆ ಬಿಡಬೇಕು, ಮದುವೆಯಾಗದ ಹುಡುಗಿಯರು ಹುಲ್ಲಿಗೆ ಗಂಟು ಹಾಕಿ ಹರಕೆ ಹೊರಬೇಕು. ಲಾಲೆದರ್ರೆಯಲ್ಲಿ ಆ ಹೊತ್ತಿಗೆ ಹಸಿರು ಹುಲ್ಲು ಇರುವುದು ಒಂದೇ ಕಡೆ: ಬಿಸಿಲಿನ ಇಳಿಜಾರಿನ ಬುಡದಲ್ಲಿ, ತೊರೆಯ ಪಕ್ಕ, ಹತ್ತಿಪ್ಪತ್ತು ಚಾಪೆ ಹಾಸುವಷ್ಟು ಅಗಲದ ಜಾಗ. ಬಿಸಿಲು ಹೆಚ್ಚು ಬೀಳುವುದರಿಂದಲೇ ಅಲ್ಲಿ ಮೊದಲು ಹುಲ್ಲು ಬರುತ್ತದೆ. ಬಿಸಿಲು ಹೆಚ್ಚು ಬೀಳುವುದರಿಂದಲೇ ಅದರ ನೆತ್ತಿಯ ಮೇಲಿನ ಹಿಮ ಮೊದಲು ಸಡಿಲವಾಗುತ್ತದೆ. ಬರುವ ಜನ ಹುಲ್ಲು ನೋಡುತ್ತಾರೆ, ನೆತ್ತಿ ನೋಡುವುದಿಲ್ಲ.

ಬೇರೆ ವರ್ಷಗಳಲ್ಲಿ ಗೊಲಂದಾಮ್ ಖಾನಂ ಹನ್ನೆರಡರವರೆಗೆ ಕೂರಲು ಬಿಡುತ್ತಿದ್ದರು. ರಾತ್ರಿ ಹೆಪ್ಪುಗಟ್ಟಿದ ಹಿಮ ಅಷ್ಟು ಹೊತ್ತು ತಡೆಯುತ್ತದೆ. ಈ ಸಲ ಹಿಂದಿನ ರಾತ್ರಿ ಮೋಡ ಕವಿದಿತ್ತು, ದಕ್ಷಿಣದಿಂದ ಬೆಚ್ಚಗಿನ ಗಾಳಿ ಬೀಸಿತ್ತು, ಹಿಮ ಹೆಪ್ಪುಗಟ್ಟಿರಲೇ ಇಲ್ಲ. ಬೆಳಿಗ್ಗೆ ಐದೂವರೆಗೆ ಅವರು ಬಿಸಿಲಿನ ಇಳಿಜಾರಿಗೆ ಹೋಗಿ ಕಾಲಿಟ್ಟರು. ಬೂಟು ಮುಳುಗಿತು, ಮೊಣಕಾಲು ಮುಳುಗಿತು. ಗಾಜೂ ಇಲ್ಲ, ಸಕ್ಕರೆಯೂ ಇಲ್ಲ.

ಹಲಗೆಯ ಮೇಲೆ ಬರೆದರು: "ಬೆಳಗಿನಿಂದಲೇ ಗಂಜಿ. ನೆರಳಿನ ಇಳಿಜಾರು ಹನ್ನೊಂದರವರೆಗೆ. ಬಿಸಿಲಿನ ಇಳಿಜಾರು ಇಲ್ಲ. ಕೆಳಗಿನ ಹುಲ್ಲೂ ಇಲ್ಲ."

ಎಂಟಕ್ಕೆ ಬಂದ ಕಿಯಾಪೂರ್ ಸಾಹೇಬರು ಹಲಗೆಯ ಮುಂದೆ ನಿಂತು ಓದಿ, ಕೊನೆಯ ಎರಡು ಸಾಲನ್ನು ಕೋಟಿನ ತೋಳಿನಿಂದ ಒರೆಸಿದರು. ಹುಲ್ಲಿನ ಮೇಲೆ ಹಿಂದಿನ ಸಂಜೆಯೇ ಹನ್ನೆರಡು ಕಟ್ಟಿಗೆಯ ಮಂಚ ಹಾಕಿಸಿ, ಜಮಖಾನೆ ಹಾಸಿಸಿ, ಊಟಕ್ಕೆ ಹೇಳಿದವರ ಹೆಸರು ಬರೆಸಿಟ್ಟಿದ್ದರು.

"ಖಾನಂ, ಸೀಸನ್ನಿನ ಕೊನೇ ದೊಡ್ಡ ದಿನ. ಇದೊಂದು ದಿನ ಬಿಟ್ಟುಬಿಡಿ."

"ಹಿಮಕ್ಕೆ ಹೇಳು. ಅದು ಬಿಟ್ರೆ ನಾನೂ ಬಿಡ್ತೀನಿ."

"ಆ ಇಳಿಜಾರಿನ ಹಿಮ ಕೆಳಗೆ ಬಂದದ್ದು ಕೊನೇ ಸಲ ಯಾವಾಗ ಹೇಳಿ? ನಾನು ಹುಟ್ಟೋಕೆ ಮುಂಚೆ."

"ಹುಟ್ಟೋಕೆ ಎರಡು ವರ್ಷ ಮುಂಚೆ. ಹುಲ್ಲಿನ ಮೇಲೆ ಎರಡಾಳು ಎತ್ತರ ಬಿದ್ದಿತ್ತು. ಅವತ್ತು ಅಲ್ಲಿ ಯಾರೂ ಇರ್ಲಿಲ್ಲ, ಒಂದು ಕತ್ತೆ ಬಿಟ್ಟು."

"ಒಂದು ಕತ್ತೆಗೋಸ್ಕರ ಮೂವತ್ತೆಂಟು ವರ್ಷ ಹೆದರಿಕೊಂಡು ಕೂರ್ಬೇಕಾ?"

"ಕತ್ತೆ ಒಳ್ಳೇದಿತ್ತು," ಎಂದು ಗೊಲಂದಾಮ್ ಖಾನಂ ಹಗ್ಗದ ಸುರುಳಿ ಹೆಗಲಿಗೇರಿಸಿದರು.

ಸಾಹೇಬರ ಮುಖ ಕೆಂಪಾಯಿತು. ಫರ್ಶಾದ್ ಕಿಟಕಿಯೊಳಗೆ ಟಿಕೆಟ್ ಪುಸ್ತಕವನ್ನು ಎರಡನೆಯ ಸಲ ಎಣಿಸುವ ನಟನೆ ಮಾಡುತ್ತಿದ್ದ. "ಕೇಳಿ ಖಾನಂ," ಎಂದರು ಸಾಹೇಬರು, ನಿಧಾನವಾಗಿ. "ಆ ಹಗ್ಗ ಕಟ್ಟಿದ್ರೆ ನಾಳೆಯಿಂದ ಸೀಟಿ, ಬೀಗದಕೈ ಎಲ್ಲಾ ಕೊಟ್ಟು ಮನೇಲಿರಿ. ಮುಂದಿನ ಚಳಿಗಾಲಕ್ಕೂ ಬರೋದು ಬೇಡ. ಇದು ತಮಾಷೆಗೆ ಹೇಳ್ತಿರೋ ಮಾತಲ್ಲ."

ಗೊಲಂದಾಮ್ ಖಾನಂಗೆ ಮಕ್ಕಳಿಲ್ಲ. ಊರಿನಲ್ಲಿ ಇನ್ನೊಂದು ಕೆಲಸವೂ ಇಲ್ಲ. ಕೊರಳಿನ ಸೀಟಿಯನ್ನು ಅವರು ಒಮ್ಮೆ ಮುಟ್ಟಿಕೊಂಡದ್ದನ್ನು ಫರ್ಶಾದ್ ನೋಡಿದ. ಆಮೇಲೆ ಅವರು ಹೋಗಿ ಹಗ್ಗ ಕಟ್ಟಿದರು. ತೊರೆಯ ಈಚೆಯ ಕಂಬದಿಂದ ಹಿಡಿದು ಕೊನೆಯ ಮಂಚದ ಆಚೆಯ ಬಂಡೆಯವರೆಗೆ, ಅಡಿಗಡಿಗೆ ಕೆಂಪು ಚಿಂದಿ ಬಿಗಿದು. ಹಗ್ಗದ ನಡುವೆ ಒಂದು ಮುಕ್ಕಾಲಿ ಹಾಕಿಕೊಂಡು ಕೂತರು.

ಹತ್ತರ ಹೊತ್ತಿಗೆ ಕಾರುಗಳ ಸಾಲು ಕೆಳಗಿನ ತಿರುವಿನವರೆಗೆ ನಿಂತಿತು. ಚಹಾ ಕುದಿಸುವ ಸಮೋವರ್, ಜಮಖಾನೆ, ಕಬಾಬಿನ ಸರಳು, ಬುಟ್ಟಿಗಟ್ಟಲೆ ಲೆಟ್ಯೂಸ್ ಸೊಪ್ಪು ಹೊತ್ತ ಜನ ಹಗ್ಗದ ಹತ್ತಿರ ಬಂದು ನಿಂತರು. ಮಂಚ ಆಚೆ, ತಾವು ಈಚೆ.

"ಇದೇನು, ಗಡಿ ದಾಟೋಕೆ ವೀಸಾ ಬೇಕಾ?" ಎಂದನೊಬ್ಬ ಹೊಟ್ಟೆಯ ಮೇಲೆ ಕಲ್ಲಂಗಡಿ ಹೊತ್ತವನು.

"ಬೇಕು. ಹಿಮದ ಹತ್ರ ಸಹಿ ಹಾಕಿಸ್ಕೊಂಡು ಬಾ."

"ಖಾನಂ, ನಾವು ದುಡ್ಡು ಕೊಟ್ಟಿದೀವಿ."

"ವಾಪಸ್ ತಗೋ. ಕಿಟಕೀಲಿ ಇಂಜಿನಿಯರ್ ಇದಾನೆ."

ಆ ಇಂಜಿನಿಯರನನ್ನು ಕಿಯಾಪೂರ್ ಸಾಹೇಬರು ಅದೇ ಹೊತ್ತಿಗೆ ಕರೆದು, "ಹೋಗು, ಹಗ್ಗ ಬಿಚ್ಚು" ಎಂದರು. ತಾವೇ ಹೋಗಿ ಬಿಚ್ಚಲು ಅವರಿಗೆ ಧೈರ್ಯ ಸಾಲದು. ಹಗ್ಗ ಕಟ್ಟಿದ್ದು ಐದು ವರ್ಷದ ಹುಡುಗನಾಗಿದ್ದಾಗ ಅವರ ಮೂಗು ಒರೆಸಿದ ಕೈ. ಫರ್ಶಾದ್ ಹೋದ. ಸೇರಿ ಕೆಲವೇ ವಾರವಾದ ಕೆಲಸಗಾರನಿಗೆ ಇಲ್ಲ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಬಂಡೆಯ ಹತ್ತಿರ ಮಂಡಿಯೂರಿ ಗಂಟಿಗೆ ಉಗುರು ಹಾಕಿದ. ಗಂಟು ಒದ್ದೆಯಾಗಿ ಬಿಗಿದುಕೊಂಡಿತ್ತು. ಹಲ್ಲು ಹಾಕಿ ನೋಡಿದ. ಗೊಲಂದಾಮ್ ಖಾನಂ ಮುಕ್ಕಾಲಿಯಿಂದ ಏಳಲಿಲ್ಲ.

"ಬಿಚ್ಚು ಮಗಾ," ಎಂದರು. "ಬಿಚ್ಚಿದ್ಮೇಲೆ ಮೊದಲನೇ ಮಂಚದಲ್ಲಿ ನೀನೇ ಕೂತ್ಕೋ. ಮೇಲಕ್ಕೆ ಬೆನ್ನು ಹಾಕಿ ಕೂತ್ಕೋ, ನೋಡೋದು ಬೇಡ."

ಫರ್ಶಾದ್ ಬೇಡ ಎಂದರೂ ಮೇಲೆ ನೋಡಿದ. ಇಳಿಜಾರಿನ ನೆತ್ತಿಯಲ್ಲಿ ಕಪ್ಪು ಬಂಡೆಗಳು. ಅವುಗಳ ಕೆಳಗಿನಿಂದ ಹಿಮದ ಸಣ್ಣ ಸಣ್ಣ ಉಂಡೆಗಳು ತಾವಾಗಿಯೇ ಹೊರಟು, ಉರುಳುತ್ತ ಉರುಳುತ್ತ ಮೈ ತುಂಬಿಕೊಂಡು ಬರುತ್ತಿದ್ದವು. ಒಂದು ಉಂಡೆ ಕಲ್ಲಂಗಡಿಯಷ್ಟಾಗಿ ಮೂರನೆಯ ಮಂಚದ ಕಾಲಿಗೆ ಬಡಿದು ಒಡೆಯಿತು. ಸದ್ದು ಬರಲಿಲ್ಲ. ಜಮಖಾನೆಯ ಮೇಲೆ ಸ್ವಲ್ಪ ನೀರು ಸಿಡಿಯಿತು, ಅಷ್ಟೇ. ಫರ್ಶಾದ್ ತನ್ನ ಹಲ್ಲಿನ ಗುರುತಿದ್ದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ. ಆ ಗಂಟು ಕೆಟ್ಟದಾಗಿತ್ತು, ಮಗು ಎಳೆದರೂ ಬಿಚ್ಚುತ್ತಿತ್ತು. ಅವನ ಬದುಕಿನ ಒಂದೇ ಒಂದು ಬಂಡಾಯ ಅದು. ಆಮೇಲೆ ಸಾಹೇಬರಿಗೆ ಎದುರಾಗದ ಹಾಗೆ ಚಹಾ ಅಂಗಡಿಯ ಹಿಂದಿನಿಂದ ಕಿಟಕಿಗೆ ಹೋದ.

"ವಸಂತದಲ್ಲಿ ದಿನಾ ಉರುಳ್ತವೆ ಅವು," ಎಂದು ಸಾಹೇಬರು ಜನರಿಗೆ ಸಮಜಾಯಿಷಿ ಹೇಳುತ್ತಿದ್ದದ್ದು ಅವನಿಗೆ ಕೇಳಿಸಿತು. ಸುಳ್ಳೂ ಅಲ್ಲ. ಆದರೆ ಮಂಚಕ್ಕೆ ಬಡಿದದ್ದನ್ನು ನೋಡಿದ ಕಲ್ಲಂಗಡಿಯವನು ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ.

ಹಿಂದೆ ಸರಿಯದೆ ನಿಂತದ್ದು ಒಬ್ಬ ಅಜ್ಜಿ ಮಾತ್ರ. ಕರಜ್ ಊರಿನವರು, ಜೊತೆಗೆ ಮೂವರು ಮೊಮ್ಮಕ್ಕಳು, ಮೂವರಿಗೂ ಮದುವೆಯಾಗಿಲ್ಲ. ಕೈಯಲ್ಲಿ ಮೊಳಕೆಯ ತಟ್ಟೆ.

"ಅಮ್ಮಾ, ನಂಗೆ ಎಂಬತ್ತೊಂದು," ಎಂದರು ಅಜ್ಜಿ. "ಹದಿಮೂರನೇ ದಿನ ಡಾಂಬರಿನ ಮೇಲೆ ಯಾವತ್ತೂ ಕೂತಿಲ್ಲ. ಹಿಮ ಬಿದ್ರೆ ನನ್ನ ಮೇಲೆ ಬೀಳ್ಲಿ."

"ನಿಮ್ಮ ಮೇಲೆ ಬಿದ್ರೆ ನಂಗೇನೂ ಬೇಜಾರಿಲ್ಲ ಖಾನಂ. ಅಗೆದು ತೆಗೆಯೋಳು ನಾನು. ನನ್ನ ಸೊಂಟ ಹೋಗಿದೆ."

ಅಜ್ಜಿಗೆ ನಗು ಬಂತು, ಆದರೆ ಜಾಗ ಬಿಡಲಿಲ್ಲ. "ಈ ಹುಡುಗೀರು ಹುಲ್ಲಿಗೆ ಗಂಟು ಹಾಕ್ಬೇಕು. ಹೋದ ವರ್ಷ ಮಳೆ ಅಂತ ತಪ್ಪಿಹೋಯ್ತು. ಅದಕ್ಕೇ ಒಬ್ಬಳಿಗೂ ಆಗ್ಲಿಲ್ಲ."

"ಅಜ್ಜೀ, ಸಾಕು," ಎಂದಳು ಮೊಮ್ಮಗಳೊಬ್ಬಳು.

ಗೊಲಂದಾಮ್ ಖಾನಂ ಎದ್ದರು. ಸೀಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಹಗ್ಗದ ಕೆಳಗೆ ನುಸುಳಿ, ಕತ್ತು ಮೇಲೆತ್ತಿ ಇಳಿಜಾರನ್ನೇ ನೋಡುತ್ತ ಹುಲ್ಲಿನತ್ತ ನಡೆದರು. ಮುನ್ನೂರು ಜನರೂ ಕತ್ತೆತ್ತಿ ಇಳಿಜಾರು ನೋಡಿದರು. ಸೊಂಟ ಹೋದ ಹೆಂಗಸು ಬಗ್ಗಿ, ಕೈತುಂಬ ಹುಲ್ಲನ್ನು ಬೇರುಮಣ್ಣಿನ ಸಮೇತ ಕಿತ್ತು, ಬಂದ ದಾರಿಯಲ್ಲೇ ವಾಪಸು ಬಂದು ಅಜ್ಜಿಯ ತಟ್ಟೆಯ ಪಕ್ಕಕ್ಕೆ ಹಾಕಿದರು.

"ಇಲ್ಲೇ ಗಂಟು ಹಾಕ್ಲಿ. ತೊರೆ ರಸ್ತೆಯ ಮೋರಿ ಕೆಳಗೂ ಹರಿಯತ್ತೆ, ಮೊಳಕೆ ಅಲ್ಲಿ ಬಿಡಿ. ಡಾಂಬರಿನ ಮೇಲೆ ಬಿಸಿಲಿದೆ, ಕಾಲು ತಣ್ಣಗಾಗಲ್ಲ."

"ನೋಡಿ," ಎಂದರು ಕಿಯಾಪೂರ್ ಸಾಹೇಬರು, ಎಲ್ಲರಿಗೂ ಕೇಳುವಂತೆ. "ಅವರೇ ಒಳಗೆ ಹೋಗಿ ಬಂದ್ರು. ಏನಾಯ್ತು?"

"ಒಬ್ಬಳು ಹೋದೆ. ಎರಡು ನಿಮಿಷ. ಮೇಲೆ ನೋಡ್ಕೊಂಡು ಹೋದೆ. ನಿನ್ನ ಜನ ಅನ್ನ ತಿಂದು ಜಮಖಾನೆ ಮೇಲೆ ನಿದ್ದೆ ಮಾಡ್ತಾರೆ."

ಜನ ಗೊಣಗುತ್ತ ಕಾರು ನಿಲ್ಲಿಸುವ ಜಾಗಕ್ಕೆ ಹೋದರು. ಕಾರುಗಳ ನಡುವೆ ಜಮಖಾನೆ ಹಾಸಿದರು, ಡಾಂಬರಿನ ಮೇಲೆ ಸಮೋವರ್ ಕುದಿಯಿತು, ಯಾರದೋ ಬಂಪರಿನ ಪಕ್ಕ ಕಬಾಬಿನ ಹೊಗೆ ಎದ್ದಿತು. ಹೆಮ್ಮತನ ಚಹಾ ಎಂದಿಗಿಂತ ಹೆಚ್ಚು ಖರ್ಚಾಯಿತು. ಆದರೂ ಹೆಮ್ಮತ್ ಗೊಲಂದಾಮ್ ಖಾನಂಗೆ ಚಹಾ ಕೊಡಲು ಹೋಗುವಾಗ ಮಾಲೀಕರು ನೋಡುತ್ತಿದ್ದಾರೆಯೇ ಎಂದು ಎರಡು ಸಲ ತಿರುಗಿ ನೋಡಿದ. ಹನ್ನೆರಡು ಮಂಚಗಳು ಹುಲ್ಲಿನ ಮೇಲೆ ಖಾಲಿ ಕೂತವು. ಗೊಲಂದಾಮ್ ಖಾನಂ ಮುಕ್ಕಾಲಿಯಿಂದ ಕದಲಲಿಲ್ಲ. ಹನ್ನೊಂದಕ್ಕೆ ಒಮ್ಮೆ ಎದ್ದು, ನೆರಳಿನ ಇಳಿಜಾರಿನ ಯಂತ್ರ ನಿಲ್ಲಿಸಿ ಬಂದರು.

ಹನ್ನೆರಡಾಯಿತು, ಒಂದಾಯಿತು, ಎರಡೂವರೆಯಾಯಿತು. ಬಿಸಿಲು ಬೆನ್ನು ಸುಡುತ್ತಿತ್ತು. ಉಂಡೆಗಳು ಉರುಳುತ್ತಲೇ ಇದ್ದವು. ಫರ್ಶಾದ್ ಕಿಟಕಿಯಿಂದ ಇಳಿಜಾರನ್ನೇ ನೋಡುತ್ತಿದ್ದ. ನಾಚಿಕೆಯ ಮಾತಾದರೂ ಹೇಳಬೇಕು: ಅದು ಬೀಳಲಿ ಎಂದು ಅವನು ಒಳಗೊಳಗೇ ಬೇಡುತ್ತಿದ್ದ. ಅಂಥ ದೊಡ್ಡದೇನೂ ಬೇಡ. ಹನ್ನೆರಡು ಮಂಚ ಮುಚ್ಚುವಷ್ಟು ಬಿದ್ದರೆ ಸಾಕು, ಖಾನಂ ಕೆಲಸ ಉಳಿಯುತ್ತದೆ. ಮೂರೂವರೆಗೆ ಸೂರ್ಯ ಪಶ್ಚಿಮದ ದಿಣ್ಣೆಯ ಹಿಂದೆ ಸರಿದ. ಇಳಿಜಾರಿನ ಮೇಲೆ ನೆರಳು ಹತ್ತಿತು. ಉಂಡೆಗಳು ನಿಂತವು. ನಾಲ್ಕೂವರೆಗೆ ಹಿಮ ಬಿಗಿದುಕೊಳ್ಳತೊಡಗಿತು.

ಏನೂ ಬೀಳಲಿಲ್ಲ.

ಜನ ಸಾಮಾನು ಕಟ್ಟಿಕೊಂಡು ಹೊರಟರು. ಕಲ್ಲಂಗಡಿಯವನು ಕಾರಿನ ಕಿಟಕಿಯಿಂದ ತಲೆ ಹಾಕಿ, "ಖಾನಂ, ನಿಮ್ಮ ಹಿಮಪಾತ ಚಾಲೂಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿರ್ಬೇಕು" ಎಂದ. ಸುತ್ತಲಿನ ಕಾರುಗಳಲ್ಲಿ ನಗು ಎದ್ದಿತು. ಅಜ್ಜಿ ನಗಲಿಲ್ಲ, ಹೋಗುವಾಗ ಒಂದು ಲೆಟ್ಯೂಸ್ ಮುಕ್ಕಾಲಿಯ ಪಕ್ಕ ಇಟ್ಟರು.

ಗೊಲಂದಾಮ್ ಖಾನಂ ಹಗ್ಗ ಬಿಚ್ಚಿ ಸುರುಳಿ ಸುತ್ತುತ್ತಿದ್ದರು. ಫರ್ಶಾದ್ ಹಾಕಿದ ಗಂಟು ಬೆರಳು ತಾಗಿದ್ದೇ ಬಿಚ್ಚಿಹೋಯಿತು. "ಇದೂ ಒಂದು ಗಂಟಾ?" ಎಂದು ಕೇಳಿದರು. ಅಷ್ಟು ಹೊತ್ತಿಗೆ ಕಿಯಾಪೂರ್ ಸಾಹೇಬರು ಬಂದರು. ಬೆಳಗಿನ ಸಿಟ್ಟು ಇರಲಿಲ್ಲ. ಗೆದ್ದವರ ಶಾಂತಿ ಇತ್ತು. ಹೆಮ್ಮತ್, ಹಿಮ ಎತ್ತುವವರು, ಯಂತ್ರದವರು, ಎಲ್ಲರೂ ಅಲ್ಲಲ್ಲೇ ನಿಂತರು.

"ಖಾನಂ, ನೀವು ನನ್ನ ತಾಯಿ ಸಮಾನ," ಎಂದರು ಸಾಹೇಬರು. "ನಾನು ಕೆಟ್ಟವನಲ್ಲ. ಇಷ್ಟು ಜನರ ಮುಂದೆ ತಪ್ಪಾಯ್ತು ಅಂತ ಒಂದು ಮಾತು ಹೇಳಿ. ಸೀಟಿ ನಿಮ್ಮ ಕೊರಳಲ್ಲೇ ಇರ್ಲಿ, ಹಲಗೆ ನೀವೇ ಬರೀರಿ. ಇಲ್ಲ ಅಂದ್ರೆ..." ಅವರು ಅಂಗೈ ಮುಂದೆ ಚಾಚಿದರು.

ಗೊಲಂದಾಮ್ ಖಾನಂ ಆ ಅಂಗೈಯನ್ನು ನೋಡಿದರು. ಹಗ್ಗದ ಕೊನೆಯ ಸುತ್ತು ಸುತ್ತಿ, ತುದಿಯನ್ನು ಸುರುಳಿಯೊಳಗೆ ಸಿಕ್ಕಿಸಿ, ಹೆಗಲಿಗೆ ಹಾಕಿಕೊಂಡರು. ಸೀಟಿ ಕೊರಳಿನಿಂದ ಹೊರಬರಲಿಲ್ಲ.

"ಹೇಳಿ ಖಾನಂ," ಎಂದರು ಸಾಹೇಬರು. ಅಂಗೈ ಇನ್ನೂ ಮುಂದೆಯೇ ಇತ್ತು. "ನಿಜ ಹೇಳಿ. ಇವತ್ತು ಬೀಳತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ," ಎಂದರು ಗೊಲಂದಾಮ್ ಖಾನಂ. "ಗೊತ್ತಿರ್ಲಿಲ್ಲ ಅಂತ್ಲೇ ಕಟ್ಟಿದ್ದು. ನಾಳೆನೂ ಕಟ್ತೀನಿ."